ಕಣ್ಣಿಗೆ ಕಾಣದ ಹೊಟ್ಟು

ಹರಿಹರದ ಆ ಮನೆಯ ಹಿತ್ತಲ ಕೋಣೆ ಮೊದಲು ದನದ ಕೊಟ್ಟಿಗೆಯಾಗಿತ್ತು. ಈಗ ಅಲ್ಲಿ ಉಳಿ, ಕೊಡತಿ, ಗರಗಸಗಳ ಜೊತೆಗೆ ಮೂರು ಕರೆಂಟಿನ ಯಂತ್ರಗಳಿವೆ. ಯಜಮಾನರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ನಡುವೆ ಪಳಗಿದವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕಬ್ಬಿಣ ಬಿಟ್ಟು ಮರ ಹಿಡಿದರು. ದೇವರ ಮಂಟಪ, ಮಣೆ, ತೊಟ್ಟಿಲು. ವಯಸ್ಸಾದಂತೆ ತೋಳಿನ ಕಸುವು ಕಡಿಮೆಯಾಯಿತು, ಯಂತ್ರ ಹೆಚ್ಚಾದವು. ಯಂತ್ರದ ಹಿಂದೆಯೇ ದೂಳೂ ಬಂತು.

ಮೊದಲು ಗಮನಿಸಿದವರು ಮನೆಯಾಕೆ. ಬೆಳಿಗ್ಗೆ ಒರೆಸಿಟ್ಟ ದೀಪದ ಕಂಬದ ಮೇಲೆ ಸಂಜೆ ಬೆರಳಾಡಿಸಿದರೆ ಗೆರೆ ಮೂಡುತ್ತಿತ್ತು.

"ಹಿತ್ಲಾಗೆ ಕೊಯ್ದ್ರೆ ದೇವರ ಮನಿಗೆ ಹೆಂಗ್ ಬಂತ್ರೀ ಇದು?"

"ರಸ್ತೆ ದೂಳಿರಬೇಕು ಬಿಡು" ಎಂದು ಯಜಮಾನರು ಜಾರಿಕೊಂಡರು. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅಜ್ಜನ ಕೋಣೆಯಲ್ಲಿ ಮರದ ತುಂಡು ಜೋಡಿಸುತ್ತ ಕೂತು, ರಾತ್ರಿಯಿಡೀ ಕೆಮ್ಮಿದ ಮೇಲೆ ಜಾರಿಕೊಳ್ಳಲು ದಾರಿ ಉಳಿಯಲಿಲ್ಲ.

ದೂಳೆಂದರೇನು ಎಂಬುದು ಅವರಿಗೆ ಗೊತ್ತಿರಲೇಬೇಕಿತ್ತು. ಅವರ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕಾರ್ಡಿಂಗ್ ವಿಭಾಗದಲ್ಲಿದ್ದವರು. ಭಾನುವಾರ ರಜೆಯಲ್ಲಿ ಆರಾಮಾಗಿದ್ದು, ಸೋಮವಾರ ಕೆಲಸಕ್ಕೆ ಹೋಗಿ ಬಂದರೆ ಎದೆ ಬಿಗಿಯುತ್ತಿತ್ತು. ವಾರ ಕಳೆದಂತೆ ತುಸು ಸಡಿಲ, ಮತ್ತೆ ಸೋಮವಾರ ಅದೇ ಪಾಡು. ವೈದ್ಯರು ಇದಕ್ಕೆ ಬಿಸಿನೋಸಿಸ್ ಎನ್ನುತ್ತಾರೆ. ತಂದೆಗೆ ಆ ಹೆಸರು ಗೊತ್ತಿರಲಿಲ್ಲ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರೆ ಗಂಟಲ ದೂಳು ಇಳಿಯುತ್ತದೆ ಎಂದು ನಂಬಿದ್ದರು. ಹತ್ತಿಯ ದೂಳು ಬೇರೆ, ಮರದ ದೂಳು ಬೇರೆ, ನಿಜ. ಎದೆಗೂಡು ಮಾತ್ರ ಅದೇ.

ಮರದ ದೂಳೇನೂ ಸಾಧುವಲ್ಲ. ಇಂಗ್ಲೆಂಡಿನ ಹೈ ವಿಕಂಬ್ ಊರಿನ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನೊಳಗಿನ ಕ್ಯಾನ್ಸರ್ ಹೆಚ್ಚೆಂಬುದು 1960ರ ದಶಕದಲ್ಲೇ ವೈದ್ಯರ ಗಮನಕ್ಕೆ ಬಂದಿತ್ತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ದೂಳನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ನೆಲಕ್ಕೆ ಬೀಳುವ ಹೊಟ್ಟನ್ನು ಪೊರಕೆಯಿಂದ ಗುಡಿಸಬಹುದು. ಎದೆಯಾಳಕ್ಕೆ ಇಳಿಯುವುದು 5 ಮೈಕ್ರಾನಿಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಈ ಕಣ ಯಂತ್ರ ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಪೊರಕೆ ಅದನ್ನು ಮತ್ತೆ ಎಬ್ಬಿಸುತ್ತದೆ, ಅಷ್ಟೆ.

ಕೈಯಲ್ಲಿದ್ದದ್ದು 10,000 ರೂಪಾಯಿ. ದಾವಣಗೆರೆಯ ಅಂಗಡಿಯಲ್ಲಿ ಮೊದಲು ತೋರಿಸಿದ್ದು ಬಟ್ಟೆಚೀಲ ಕಟ್ಟಿದ ದೊಡ್ಡ ಯಂತ್ರ. ದುಡ್ಡು ಸಾಲದು, ಆದರೂ ಯಜಮಾನರು ಬಿಡಲಿಲ್ಲ. ಬಾಗಿಲ ಬಿಸಿಲಿಗೆ ಚೀಲ ಹಿಡಿದು ಒಮ್ಮೆ ತಟ್ಟಿದರು. ನೇಯ್ಗೆಯ ಸಂದಿಯಿಂದ ಹೊಗೆಯಂತೆ ಪುಡಿ ಹೊರಟಿತು.

"ಇದು ದಪ್ಪಂದು ತಾನಿಟ್ಕೊಂಡು ಸಣ್ಣಂದು ನಮಗ್ ಕೊಡ್ತೈತಲ್ರೀ!"

ಅಂಗಡಿಯವರು ನಕ್ಕು, "ಯಜಮಾನ್ರೇ, ಹಂಗಾದ್ರೆ ವ್ಯಾಕ್ಯೂಮ್ ಒಯ್ರಿ" ಎಂದರು. ಅದರ ಗುಣವೇ ಬೇರೆ. ಎಳೆತ ಜೋರು, ಎಳೆಯುವ ಗಾಳಿ ಕಡಿಮೆ. ಸ್ಯಾಂಡಿಂಗ್ ಯಂತ್ರದ ಸಣ್ಣ ಬಾಯಿಗೆ ಸರಿಹೊಂದುತ್ತದೆ. ಪ್ಲೇನರ್ ಉಗುಳುವ ರಾಶಿ ರಾಶಿ ಹೆರೆಗೆ ಸಾಲದು. ಅದೂ ಅಲ್ಲದೆ ಒಳಗಿನ ಫಿಲ್ಟರ್ ಬೇಗ ಕಟ್ಟಿಕೊಂಡು ಎಳೆತವೇ ಸತ್ತುಹೋಗುತ್ತದೆ. ಯೋಚಿಸುತ್ತಲೇ ಖರೀದಿಸಿ ಬಸ್ಸು ಹತ್ತಿದರು.

ದಾರಿಯಲ್ಲಿ ಉತ್ತರ ಸಿಕ್ಕಿತು. ಭದ್ರಾ ನಾಲೆಯ ನೀರು ಈ ಸೀಮೆಗೆ ಭತ್ತ ತಂದಿತು, ಭತ್ತ ಅಕ್ಕಿ ಗಿರಣಿಗಳನ್ನು ತಂದಿತು. ಅಂಥದೊಂದು ಗಿರಣಿಯ ಮೇಲೆ ತಲೆಕೆಳಗಾದ ತಗಡಿನ ಶಂಕು ಕಂಡಿತು. ಅದನ್ನು ನೂರಾರು ಸಲ ನೋಡಿದ್ದರು, ಯೋಚಿಸಿರಲಿಲ್ಲ. ಗಾಳಿ ಪಕ್ಕದಿಂದ ನುಗ್ಗಿ ಒಳಗೆ ಸುತ್ತುತ್ತದೆ; ಭಾರದ ಹೊಟ್ಟು ಗೋಡೆಗೆ ತಾಗಿ ಕೆಳಗೆ ಜಾರುತ್ತದೆ; ಗಾಳಿ ಮೇಲಿನಿಂದ ಹೊರಡುತ್ತದೆ. ಫಿಲ್ಟರಿಗೆ ಹೋಗುವ ಮೊದಲೇ ಮುಕ್ಕಾಲುಪಾಲು ಹೊರೆ ಇಳಿಯಿತಲ್ಲ!

ತಗಡಿನ ಕೆಲಸದವರಿಂದ ಶಂಕು ಮಾಡಿಸಿ, ಖಾಲಿ ಬಣ್ಣದ ಡಬ್ಬಿಯ ಮೇಲೆ ಕೂರಿಸಿದರು. ಮೊದಲ ದಿನವೇ ಪೈಪಿಗೆ ಮರದ ಚಕ್ಕೆ ಸಿಕ್ಕಿ, ಎಳೆತಕ್ಕೆ ಡಬ್ಬಿ ಒಳಸೊಟ್ಟಾಯಿತು. ಲೇತ್ ಹಿಡಿದ ಕೈಗೆ ಅವಮಾನ. ಗುಜರಿಯಿಂದ ದಪ್ಪ ಗೋಡೆಯ ನೀಲಿ ಡ್ರಮ್ಮು ಬಂತು, ಸಂದುಗಳಿಗೆ ರಬ್ಬರು ಬಂತು. ಡ್ರಮ್ಮಿನ ಬಾಯಲ್ಲಿ ಗಾಳಿ ಸೋರಿದರೆ ಕೆಳಗಿಳಿದ ಹೊಟ್ಟು ಮತ್ತೆ ಮೇಲೇಳುತ್ತದೆ. ಶಂಕುವನ್ನೂ ದಾಟುವ ನುಣ್ಣನೆಯ ಪುಡಿಗೆ ವ್ಯಾಕ್ಯೂಮಿನ ಫಿಲ್ಟರೇ ಗತಿ. ಹಾಗಾಗಿ ಅದೊಂದನ್ನು ಮಾತ್ರ ಒಳ್ಳೆಯ ದರ್ಜೆಯದು ಹಾಕಿಸಿದರು. ಉಳಿತಾಯ ಎಲ್ಲಿ ಬೇಕಾದರೂ ಮಾಡಬಹುದು, ಅಲ್ಲಿ ಸಲ್ಲದು.

ಪ್ಲೇನರ್ ಕೆಲಸ ಅಂಗಳದ ಬೇವಿನ ಮರದ ಕೆಳಗೆ ಹೋಯಿತು. ಬಯಲಿಗಿಂತ ಅಗ್ಗದ ಉಪಾಯ ಯಾವುದಿದೆ? ಕೊರೋನಾ ಕಾಲದಲ್ಲಿ ಪರಿಚಯವಾದ ಎನ್-95 ಮಾಸ್ಕು ಮೂಗಿಗೆ ಬಂತು. ಕೋಣೆಯ ಕಿಟಕಿಯೊಂದಕ್ಕೆ ಎಕ್ಸಾಸ್ಟ್ ಫ್ಯಾನು ಕೂರಿಸಿ, ಎದುರಿನ ಬಾಗಿಲು ತೆರೆದಿಟ್ಟರು. ಎಲ್ಲ ಸರಿಹೋಯಿತು ಎನ್ನುವಾಗ ಪಕ್ಕದ ಮನೆಯಿಂದ ಕೂಗು ಬಂತು. ಫ್ಯಾನಿನ ಮುಖ ಅವರ ಮಾಳಿಗೆಯ ಕಡೆಗಿತ್ತು. ಅಲ್ಲಿ ಸಂಡಿಗೆ ಒಣಗುತ್ತಿತ್ತು.

"ಸಾಗುವಾನಿ ಸಂಡಿಗಿ ನೀವೇ ತಿನ್ರಿ!" ಎಂದರು ಆಕೆ.

ತನ್ನ ಮನೆಯ ದೂಳನ್ನು ಇನ್ನೊಬ್ಬರ ಮಾಳಿಗೆಗೆ ಸಾಗಿಸಿದ್ದು ಯಜಮಾನರಿಗೂ ಇರುಸುಮುರುಸಾಯಿತು. ಫ್ಯಾನನ್ನು ಹಿಂದಿನ ಖಾಲಿ ನಿವೇಶನದ ಕಡೆಯ ಕಿಟಕಿಗೆ ಬದಲಾಯಿಸಿದರು. ಗಾಳಿ ತಿರುಗಿದರೆ ಏನು ಗತಿ ಎಂದು, ಆ ಬೇಸಿಗೆ ಮುಗಿಯುವ ತನಕ ಸಂಡಿಗೆ ಎತ್ತುವವರೆಗೆ ಯಂತ್ರ ಮುಟ್ಟುವುದಿಲ್ಲ ಎಂದೂ ಒಪ್ಪಿದರು.

ದೀಪದ ಕಂಬದ ಮೇಲೆ ಗೆರೆ ಈಗಲೂ ಮೂಡುತ್ತದೆ, ಆದರೆ ಸಂಜೆಗಲ್ಲ, ಮೂರ್ನಾಲ್ಕು ದಿನಕ್ಕೆ. ಮೊಮ್ಮಗಳಿಗೆ ಯಂತ್ರ ನಿಂತು ಎರಡು ಗಂಟೆ ಕಳೆಯದೆ ಕೋಣೆಗೆ ಪ್ರವೇಶವಿಲ್ಲ. ಹೊಸ್ತಿಲಾಚೆ ಮರದ ತುಂಡು ಹಿಡಿದು ಕಾಯುತ್ತಿದ್ದ ಅವಳಿಗೇ, ಒಂದು ಮಧ್ಯಾಹ್ನ ಮಾಳಿಗೆಯಿಂದ ಕೂಗು ಬಂತು: "ನಿಮ್ಮಜ್ಜಗೆ ಹೇಳವ್ವ, ಸಂಡಿಗಿ ತಗದೀನಿ!"