ಹೆಸರಿಗೊಂದು ಕಲ್ಲು

ಕೆಂಗೇರಿಯಿಂದ ಮಾರ್ಕೆಟ್ ಬಸ್ ಹತ್ತಿದಾಗೆಲ್ಲ ಮೈಸೂರು ರಸ್ತೆಯ ಯಹೂದಿ ಸ್ಮಶಾನ ದಾಟಿ ಹೋಗ್ತೀನಿ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕೊಟ್ಟ ಜಾಗ. ಬೆಂಗಳೂರಲ್ಲಿ ಯಹೂದಿಗಳು ಈಗ ಬೆರಳೆಣಿಕೆಯಷ್ಟು; ಆದ್ರೂ ಸತ್ತವರ ಹೆಸರು ಕಲ್ಲಿನ ಮೇಲೆ ಉಳಿದಿದೆ.

ಜರ್ಮನಿಯ ಸಣ್ಣಪುಟ್ಟ ಊರುಗಳಲ್ಲೂ ನಾಜಿಗಳು ಎಳೆದೊಯ್ದವರ ಮನೆ ಮುಂದೆ ಅಂಗೈಯಗಲದ ಹಿತ್ತಾಳೆ ಫಲಕ ಹುಗಿದಿದ್ದಾರೆ. ಹೆಸರು, ಹುಟ್ಟಿದ ವರ್ಷ, ಕೊಂದ ಜಾಗ. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ 1990ರ ದಶಕದಲ್ಲಿ ಶುರುಮಾಡಿದ ಕೆಲಸ. ಓದಬೇಕಂದ್ರೆ ತಲೆ ಬಗ್ಗಿಸಲೇಬೇಕು.

ನಮ್ಮ ತಾತನನ್ನ ಹೂತದ್ದು ಹಳ್ಳದ ದಂಡೆಯಲ್ಲಿ. ದಾಖಲೆಯಲ್ಲಿ ಅದು ಸ್ಮಶಾನವೇ ಅಲ್ಲ. ಈಗ ಅಲ್ಲಿರೋದು ಸೈಟುಗಳ ನಂಬರ್ ಕಲ್ಲು. ಅಪ್ಪ ಅಲ್ಲಿಗೆ ಹೋದ್ರೆ ಚಪ್ಪಲಿ ಬಿಟ್ಟು ನಿಲ್ತಾರೆ. ಯಾವ ಕಡೆ ಕೈಮುಗೀಬೇಕು ಅಂತ ಗೊತ್ತಾಗಲ್ಲ.

ಪ್ರತಿ ಕೇರಿಯ ಸ್ಮಶಾನವೂ ಪಹಣಿಯಲ್ಲಿ ಬರಬೇಕು ಗೆಳೆಯರೇ. ನಿಮ್ಮೂರಿನದು ಬಂದಿದೆಯಾ, ಇವತ್ತೇ ನೋಡಿ.

ಜೈಭೀಮ್.