ಯುದ್ಧ ಮುಗಿದ ಮೇಲಿನ ರಾತ್ರಿಗಳು



ಗಾಂಜಾ ಎಂದೊಡನೆ ನಮಗೆ ನೆನಪಾಗುವುದು ಬಸ್ ನಿಲ್ದಾಣದ ಹಿಂದೆ ಗುಂಪುಗೂಡುವ ಹುಡುಗರು, ಪೊಲೀಸರು ಹಿಡಿದ ಚೀಲಗಳು. ದೇಶ ಕಾಯ್ದು, ಪದಕ ಪಡೆದು ಮನೆಗೆ ಮರಳಿದ ಸೈನಿಕನ ಮುಖ ಯಾರಿಗೂ ನೆನಪಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ಧರ್ಮಕೇಂದ್ರದಲ್ಲಿ ಬೇಸಿಗೆಯ ಎರಡು ತಿಂಗಳು ಸೇವೆ ಸಲ್ಲಿಸುವವರೆಗೆ ನಮಗೂ ನೆನಪಾಗುತ್ತಿರಲಿಲ್ಲ.

ಅಲ್ಲಿ ಭಾನುವಾರದ ಬಲಿಪೂಜೆಯ ನಂತರ ಎಲ್ಲರೂ ಸಭಾಂಗಣದಲ್ಲಿ ಕಾಫಿ ಕುಡಿಯುವ ರೂಢಿ. ಇರಾಕ್ ಯುದ್ಧದಲ್ಲಿದ್ದು ಬಂದ ಒಬ್ಬರು ಪಕ್ಕದಲ್ಲಿ ಕುಳಿತು ಮಾತಿಗಿಳಿದರು. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. "ನಿಮ್ಮ ಊರಿನವರಿಗೂ ಹೇಳಿ ಫಾದರ್" ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇವೆ. ಕಣ್ಣು ಮುಚ್ಚಿದರೆ ಸ್ಫೋಟದ ಸದ್ದು, ಸತ್ತ ಗೆಳೆಯನ ಮುಖ. ನಿದ್ದೆಯಲ್ಲಿ ಹೆಂಡತಿಯ ಕೈ ತಗುಲಿದರೂ ಬೆಚ್ಚಿ ಎದ್ದು ನಿಲ್ಲುತ್ತಿದ್ದರು. ಮಲಗುವ ಮುನ್ನ ಗಾಂಜಾ ಸೇದಿದರೆ ಕನಸು ಬೀಳುವುದಿಲ್ಲ. "ಹೆಂಡತಿಗೆ ಗೊತ್ತು, ನಿಮಗೂ ಹೇಳಿದೆ. ಡಾಕ್ಟರರಿಗೆ ಮಾತ್ರ ಹೇಳಿಲ್ಲ" ಎಂದರು.

ಈ ಕೊನೆಯ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಕೊಲೊರಾಡೊದಲ್ಲಿ 2014ರ ಜನವರಿ 1ರಿಂದ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಆದರೆ ರಾಜ್ಯದ ಕಾನೂನು ಏನೇ ಇರಲಿ, ಸೈನ್ಯದಲ್ಲಿರುವವರಿಗೆ ಅದು ಅಪರಾಧ. ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಕೆಲಸ ಹೋಗಬಹುದು. ಆದ್ದರಿಂದ ಬಚ್ಚಿಡುವುದು ಅಭ್ಯಾಸವಾಗುತ್ತದೆ. ನಿವೃತ್ತಿಯ ನಂತರವೂ ಆ ಭಯ ಬಿಡುವುದಿಲ್ಲ. ಗಾಂಜಾ ಸೇವನೆಯ ಕಾರಣಕ್ಕೆ ಯಾರ ಸವಲತ್ತನ್ನೂ ನಿಲ್ಲಿಸುವುದಿಲ್ಲ, ವೈದ್ಯರೊಡನೆ ಮುಕ್ತವಾಗಿ ಮಾತನಾಡಿ ಎಂದು ಅಲ್ಲಿನ ಮಾಜಿ ಸೈನಿಕರ ಇಲಾಖೆ 2017ರಲ್ಲೇ ನಿರ್ದೇಶನ ಹೊರಡಿಸಿತ್ತು. ಆದರೂ ನಾಲಿಗೆ ಏಳುವುದಿಲ್ಲ.

ಹೇಳದಿದ್ದರೆ ಏನಾಗುತ್ತದೆ? ಗಾಂಜಾ ಕನಸುಗಳನ್ನು ಅದುಮುತ್ತದೆ. ದಿನವೂ ಸೇದುವವರು ಒಮ್ಮೆಲೇ ಬಿಟ್ಟರೆ, ಅದುಮಿಟ್ಟ ಕನಸುಗಳು ಇಮ್ಮಡಿಯಾಗಿ ನುಗ್ಗುತ್ತವೆ. ನಿದ್ದೆ ಕೆಡುತ್ತದೆ, ಸಿಟ್ಟು ಏರುತ್ತದೆ. ಇದು ಬಿಟ್ಟದ್ದರಿಂದ ಬಂದ ತಾತ್ಕಾಲಿಕ ಬಾಧೆ ಎಂದು ತಿಳಿಯದೆ, ಹಳೆಯ ರೋಗವೇ ಮರಳಿತೆಂದು ಮತ್ತೆ ಸೇದುತ್ತಾರೆ. ವಿಷಯ ತಿಳಿಯದ ವೈದ್ಯರು ಕತ್ತಲಲ್ಲಿ ತಡಕಾಡುತ್ತಾರೆ.

ಗಾಂಜಾದಿಂದ ಈ ಮನೋವ್ಯಥೆ ಗುಣವಾಗುವುದೇ ಎಂಬುದನ್ನೂ ಪರೀಕ್ಷಿಸಿದ್ದಾರೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 80 ಮಾಜಿ ಸೈನಿಕರು ಪಾಲ್ಗೊಂಡರು. ಕೆಲವರಿಗೆ ಗಾಂಜಾ, ಕೆಲವರಿಗೆ ಅದರ ಸತ್ವ ತೆಗೆದ ಸೊಪ್ಪು. ಮೂರು ವಾರಗಳಲ್ಲಿ ಎಲ್ಲ ಗುಂಪುಗಳಲ್ಲೂ ನೋವು ತಗ್ಗಿತು. ಸತ್ವವಿಲ್ಲದ ಸೊಪ್ಪಿಗಿಂತ ಗಾಂಜಾ ಮೇಲು ಎಂದು ತೋರಲಿಲ್ಲ. ಯಾರಾದರೂ ತಮ್ಮನ್ನು ಕೂರಿಸಿಕೊಂಡು "ಹೇಗಿದ್ದೀರಿ?" ಎಂದು ಕೇಳಿದ್ದೂ ಅವರಿಗೆ ಮದ್ದಾಯಿತೇನೋ ಎಂದು ನಮಗನ್ನಿಸುತ್ತದೆ. 2023ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮತ್ತು ಮಾಜಿ ಸೈನಿಕರ ಇಲಾಖೆ ಜಂಟಿಯಾಗಿ ನೀಡಿದ ಮಾರ್ಗಸೂಚಿ ಈ ರೋಗಕ್ಕೆ ಗಾಂಜಾ ಬೇಡವೆಂದಿತು. ನುರಿತ ಚಿಕಿತ್ಸಕರೊಡನೆ ಕುಳಿತು ಆ ನೆನಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಮಾತಿನ ಚಿಕಿತ್ಸೆಯನ್ನು ಮುಂದಿಟ್ಟಿತು.

ಕಥೋಲಿಕ ಧರ್ಮೋಪದೇಶ ಗ್ರಂಥವು ಮಾದಕವಸ್ತು ಸೇವನೆಯನ್ನು ಗಂಭೀರ ದೋಷವೆನ್ನುತ್ತದೆ. ಚಿಕಿತ್ಸೆಗೆಂದೇ ಬಳಸುವುದನ್ನು ಮಾತ್ರ ಹೊರತುಪಡಿಸುತ್ತದೆ. ಯಾವುದು ಚಿಕಿತ್ಸೆ, ಯಾವುದು ಮರೆವಿನ ಮಾರ್ಗ ಎಂದು ನೋವಿನಲ್ಲಿರುವವನೊಬ್ಬನೇ ತೀರ್ಮಾನಿಸಲಾರ. ಅದಕ್ಕೂ ಅವನು ಬಾಯಿಬಿಡಬೇಕು. ಅವನು ಬಾಯಿಬಿಡಬೇಕಾದರೆ ಕೇಳುವವರು ಮುಖ ಸಿಂಡರಿಸಬಾರದು.

ದೂರದ ಮಾತೆಂದು ತಳ್ಳಿಹಾಕಬೇಡಿ. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ಆ ಸುತ್ತಿನ ಕುಟುಂಬಗಳಿಗೆ ಸೈನ್ಯ ಹೊಸತಲ್ಲ. ನಮ್ಮಲ್ಲಿ 1985ರ ಕಾನೂನಿನಂತೆ ಗಾಂಜಾ ನಿಷಿದ್ಧ. ನಿದ್ದೆ ಬಾರದ ಮಾಜಿ ಸೈನಿಕರ ಕೈಗೆ ಸಿಗುವುದು ಹೆಚ್ಚಾಗಿ ಕ್ಯಾಂಟೀನಿನ ರಮ್ ಬಾಟಲಿ. ವಸ್ತು ಬೇರೆ, ಮೌನ ಒಂದೇ. "ಅಪ್ಪನಿಗೆ ಸಿಟ್ಟು ಜಾಸ್ತಿ" ಎಂದು ಮಕ್ಕಳು ದೂರ ಸರಿಯುತ್ತಾರೆ. "ಪೆನ್ಷನ್ನೆಲ್ಲ ಕುಡಿತಕ್ಕೇ" ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ. ಆ ಮನುಷ್ಯ ರಾತ್ರಿ ಏನು ಕಾಣುತ್ತಾನೆಂದು ಯಾರೂ ಕೇಳುವುದಿಲ್ಲ.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಬೈಯುವ ಮುನ್ನ ಒಮ್ಮೆ ಕೇಳಿ. ಹಗಲು ಹೊತ್ತು, ಅವರು ಕುಡಿಯದಿರುವಾಗ, ಒಂದು ಲೋಟ ಕಾಫಿ ಮುಂದಿಟ್ಟು ಕೇಳಿ. ಅವರ ಜೊತೆ ವೈದ್ಯರ ಬಳಿಗೆ ಹೋಗಿ, ಏನು ಸೇವಿಸುತ್ತಾರೋ ಅದನ್ನು ಇದ್ದ ಹಾಗೆ ಹೇಳಲು ಧೈರ್ಯ ಕೊಡಿ. 14416 ಸಂಖ್ಯೆಗೆ ಕರೆಮಾಡಿದರೆ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೂ ಉಚಿತವಾಗಿ ಮಾತನಾಡಬಹುದು. ನಿಮ್ಮ ಗುರುಗಳ ಮನೆಯ ಬಾಗಿಲೂ ತೆರೆದಿರುತ್ತದೆ. ಇಷ್ಟು ವರ್ಷ ನಮಗಾಗಿ ನಿದ್ದೆಗೆಟ್ಟವರಿಗೆ ಒಂದು ಗಂಟೆ ಕಿವಿಗೊಡುವುದು ನಮಗೆ ಭಾರವಾಗದಿರಲಿ.