ಗುಡ್ಡದೊಳಗೊಂದು ಕಿವಿ

ಮುನ್ನಾರ್ ಎಂದರೆ ಚಹಾ ತೋಟ, ಮಂಜು, ಕಾಡುಮೇಕೆ. ಉಡುಮಲಪೇಟೆ ದಾಟಿ, ಮರಯೂರಿನ ಶ್ರೀಗಂಧದ ಕಾಡಿನ ದಾರಿಯಲ್ಲಿ ಹತ್ತಿ ಹೋಗಿ ಅವನ್ನೆಲ್ಲ ನಾವೂ ನೋಡಿದೆವು. ಅದರ ವರ್ಣನೆ ಬೇಡ, ಎಲ್ಲರ ಮೊಬೈಲಿನಲ್ಲೂ ಫೋಟೊಗಳಿವೆ. ನಾನು ಹೇಳಹೊರಟಿದ್ದು ಅಲ್ಲಿನ ಆಂತೋಣಿಯಾರ್ ಕಾಲೊನಿಯ ಇಳಿಜಾರಿನ ವಿಷಯ.

2005ರ ಜುಲೈ ಮಳೆಯಲ್ಲಿ ಇಲ್ಲಿ ಗುಡ್ಡ ಜಾರಿ ಜನ ಸತ್ತರು. ಆಮೇಲೆ ಅಮೃತ ವಿಶ್ವವಿದ್ಯಾಪೀಠದವರು ಇಳಿಜಾರಿನಲ್ಲಿ ಆಳವಾಗಿ ಕೊರೆದು ಸೆನ್ಸರ್‌ಗಳನ್ನು ಇಳಿಬಿಟ್ಟರು. ಮಣ್ಣಿನ ಸಂದಿಯಲ್ಲಿ ನೀರು ಎಷ್ಟು ಒತ್ತುತ್ತಿದೆ, ನೆಲ ಓರೆಯಾಗುತ್ತಿದೆಯೇ ಎಂದು ಅವು ಅಳೆಯುತ್ತವೆ. ಒಳಗಿನ ನೀರಿನ ಒತ್ತಡ ಏರಿದಂತೆ ಮಣ್ಣಿನ ಹಿಡಿತ ಸಡಿಲುತ್ತದೆ.

ಮೊಮ್ಮಗ ಕೇಳಿದ: "ತಾತ, ನಿಮ್ಮ ಮೊಬೈಲ್ ಸಂಜೆಗೇ ಆಫ್ ಆಗುತ್ತೆ. ಇದಕ್ಕೆ ಗುಡ್ಡದಲ್ಲಿ ಯಾರು ಚಾರ್ಜ್ ಹಾಕ್ತಾರೆ?"

ಒಳ್ಳೆಯ ಪ್ರಶ್ನೆಯೇ. ಸೌರಫಲಕ ಇದೆ, ನಿಜ. ಆದರೆ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ, ಕೆಲಸ ಇರುವುದು ಆಗಲೇ! ಹಾಗಾಗಿ ಬ್ಯಾಟರಿಯನ್ನು ಜಿಪುಣನ ಹಾಗೆ ಖರ್ಚು ಮಾಡಬೇಕು. ಇಂಥ ಯಂತ್ರದಲ್ಲಿ ಅಳೆಯುವುದಕ್ಕಿಂತ ರೇಡಿಯೋದಲ್ಲಿ ಸುದ್ದಿ ಕಳಿಸುವುದಕ್ಕೇ ಸಾಮಾನ್ಯವಾಗಿ ಹೆಚ್ಚು ವಿದ್ಯುತ್ ಬೇಕು. ನಾನು ಬ್ಯಾಂಕಿಗೆ ಸೇರಿದಾಗ ಟ್ರಂಕ್ ಕಾಲ್ ಕಾಲ. ಮೂರು ನಿಮಿಷದ ಲೆಕ್ಕ. ಹೆಡ್ಡಾಫೀಸಿಗೆ ಹೇಳಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ಕ್ಷೇಮಸಮಾಚಾರ ಬಿಟ್ಟು, ಒಂದೇ ಉಸಿರಿಗೆ ಓದಿ ಇಡುತ್ತಿದ್ದೆವು. ಈ ಪೆಟ್ಟಿಗೆಯೂ ಹಾಗೆಯೇ. ನಿದ್ದೆ ಮಾಡುತ್ತದೆ, ಎದ್ದು ನಾಲ್ಕು ಅಂಕಿ ಹೇಳುತ್ತದೆ, ಮತ್ತೆ ಮಲಗುತ್ತದೆ. ಮಳೆ ಜೋರಾದರೆ ಮೇಲಿಂದ ಮೇಲೆ ಏಳುತ್ತದೆ.

ಅದರ ದನಿ ಬಹಳ ದೂರ ಹೋಗದು. ಮನೆ ಕಟ್ಟುವಾಗ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಒಂದು ಪೆಟ್ಟಿಗೆ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದೆ. ಕೊನೆಗೆ ಅದು ಉಪಗ್ರಹದ ಮೂಲಕ ಕೊಲ್ಲಂ ಜಿಲ್ಲೆಯ ಅಮೃತಪುರಿ ತಲುಪುತ್ತದೆ. 2009ರ ಜುಲೈನ ಭಾರಿ ಮಳೆಯಲ್ಲಿ ಹೀಗೆ ಬಂದ ಅಂಕಿಗಳನ್ನು ನೋಡಿಯೇ ಎಚ್ಚರಿಕೆ ಕೊಟ್ಟರು.

ಆದರೆ ಈ ಕಿವಿ ಕೇಳಿಸಿಕೊಳ್ಳುವುದು ತಾನಿರುವ ಗುಡ್ಡವನ್ನು ಮಾತ್ರ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಚಹಾ ಕಾರ್ಮಿಕರ ಸಾಲುಮನೆಗಳ ಮೇಲೆ ಗುಡ್ಡ ಕುಸಿದು 70 ಜನ ಹೋದರು. ಕರೆಂಟೂ ಇಲ್ಲ, ಫೋನೂ ಇಲ್ಲ, ಸುದ್ದಿ ಹೊರಗೆ ಬರುವಾಗ ಬೆಳಗಾಗಿತ್ತು. 2018ರಲ್ಲಿ ನಮ್ಮ ಕೊಡಗಿನಲ್ಲಿ ಕುಸಿದ ಗುಡ್ಡಗಳನ್ನು ನೆನೆದರೆ, ಎಲ್ಲೆಲ್ಲಿ ಪೆಟ್ಟಿಗೆ ಇಡಲಾದೀತು ಎನಿಸುತ್ತದೆ.

ಮಲೆನಾಡಿನ ಮಕ್ಕಳೇ, ಮಳೆಗಾಲಕ್ಕೆ ಮೊದಲು ಅಜ್ಜ ಅಜ್ಜಿಯನ್ನು ಕೇಳಿಟ್ಟುಕೊಳ್ಳಿ: ಮನೆ ಹಿಂದಿನ ದರೆಯಲ್ಲಿ ಹೊಸ ಬಿರುಕು ಬಿಟ್ಟಿದೆಯೇ? ನೆಟ್ಟಗಿದ್ದ ಮರ ವಾಲಿದೆಯೇ? ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗಿದೆಯೇ?